ಬಾಯಿಬಿಟ್ಟವಳು

"ಏನಾದ್ರೂ ತಗೊಂಡಿದ್ರಾ? ಕುಡಿಯೋದು, ಮಾತ್ರೆ, ಇನ್ನೇನಾದ್ರೂ?" ಅರಿವಳಿಕೆ ಕೊಡುವ ಡಾಕ್ಟರಮ್ಮ ಕೇಳಿದ್ದು ಗಾಯಾಳುವಿನ ಹೆಂಡತಿಯನ್ನು. ಬಾಯಿ ಹಾಕಿದವನು ಗಂಡನ ಅಣ್ಣ.

"ಛೆ ಛೆ, ಮುಟ್ಟೋದೇ ಇಲ್ಲ ಮೇಡಂ! ನಾಯಿ ಅಡ್ಡ ಬಂತು, ತಪ್ಪಿಸೋಕೆ ಹೋಗಿ ಲಾರಿ ಮಗುಚಿಕೊಳ್ತು."

ತಳ್ಳುಮಂಚದ ಮೇಲೆ ಲಾರಿ ಚಾಲಕ ಅರೆಪ್ರಜ್ಞೆಯಲ್ಲಿ ನರಳುತ್ತಿದ್ದ. ತೊಡೆಮೂಳೆ ಎರಡು ತುಂಡಾಗಿತ್ತು. ನರ್ಸು ರಕ್ತದಲ್ಲಿ ತೊಯ್ದ ಪ್ಯಾಂಟನ್ನು ಕತ್ತರಿಸಿ ಬಿಡಿಸುತ್ತಿದ್ದಳು. ಸುದ್ದಿ ಕೇಳಿ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಓಡಿಬಂದ ಹೆಂಡತಿಯ ಕೊರಳಲ್ಲಿ ಅಳತೆಪಟ್ಟಿ ಹಾಗೇ ಜೋತಾಡುತ್ತಿತ್ತು. ಬಾಗಿಲ ಬಳಿ ಪೊಲೀಸ್ ಪೇದೆಯೊಬ್ಬ ಇತ್ತಲೇ ಕಿವಿಗೊಟ್ಟು ನಿಂತಿದ್ದ.

"ವಾಸನೆ ನನ್ನ ಮೂಗಿಗೂ ಬರ್ತಿದೆ ರೀ," ಎಂದರು ಡಾಕ್ಟರಮ್ಮ. "ರಕ್ತ ಪರೀಕ್ಷೆ ಬರೋವರೆಗೆ ಕಾಯೋಕಾಗಲ್ಲ. ಒಳಗೆ ಏನೇನಿದೆ ಅಂತ ಗೊತ್ತಿಲ್ಲದೆ ನಾನು ಮದ್ದು ಕೊಟ್ರೆ ಉಸಿರೇ ನಿಂತುಹೋಗಬಹುದು. ಬೇಗ ಹೇಳಿ."

ಅಣ್ಣ ಅವಳನ್ನು ಗೋಡೆಯ ಪಕ್ಕಕ್ಕೆ ಕರೆದ. "ಬಾಯಿಬಿಟ್ಟೀಯ, ಜೋಕೆ! ಲಾರಿ ನನ್ನದು. ಕುಡಿದು ಓಡಿಸ್ದ ಅಂತಾದ್ರೆ ವಿಮೆ ಸಿಗಲ್ಲ. ಅವನ ಲೈಸೆನ್ಸಿಗೂ ಸಂಚಕಾರ. ಆಮೇಲೆ ನಿನ್ನ ಮಕ್ಕಳು ಏನು ತಿಂತಾರೆ?"

ಗಂಡನ ಕುಡಿತವನ್ನು ಇಷ್ಟು ವರ್ಷ ಮುಚ್ಚಿಟ್ಟವಳು ಅವಳೇ. ಅಕ್ಕಪಕ್ಕದವರು ಕೇಳಿದರೆ ಜ್ವರ ಅಂದಿದ್ದಳು, ಮಕ್ಕಳು ಕೇಳಿದರೆ ಸುಸ್ತು ಅಂದಿದ್ದಳು. ಭಾವನ ಎದುರು ತಲೆ ಎತ್ತಿ ಮಾತಾಡಿದ್ದೂ ಕಡಿಮೆ. ಇವತ್ತು ಅವನ ಮುಖ ನೆಟ್ಟಗೆ ನೋಡಿದಳು.

"ಮಕ್ಕಳಿಗೆ ನಾನು ಹೊಲಿದು ಹಾಕ್ತೀನಿ, ಭಾವ. ಅವರಿಗೆ ಇನ್ನೊಬ್ಬ ಅಪ್ಪನ್ನ ಹೊಲಿಯೋಕೆ ನನಗೆ ಬರಲ್ಲ."

ಮಂಚದ ಹತ್ತಿರ ಹೋಗಿ, ಪೇದೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ದಿನಾ ಕುಡೀತಾರೆ ಮೇಡಂ. ಕುಡೀದಿದ್ರೆ ಬೆಳಿಗ್ಗೆ ಕೈ ನಡುಗುತ್ತೆ. ಇವತ್ತೂ ಕುಡಿದೇ ಹೊರಟಿದ್ದು. ದೂರದ ಬಾಡಿಗೆ ಇದ್ರೆ ನಿದ್ದೆ ಬರದ ಹಾಗೆ ಒಂದು ಮಾತ್ರೆ, ಮನೆಗೆ ಬಂದ್ಮೇಲೆ ನಿದ್ದೆ ಬರೋಕೆ ಇನ್ನೊಂದು." ಅಂಗಿ ಒಗೆಯುವಾಗ ಜೇಬಲ್ಲಿ ಸಿಗುತ್ತಿದ್ದ ಮಾತ್ರೆಗಳ ಹೆಸರನ್ನೂ ತಡವರಿಸುತ್ತಾ ಹೇಳಿದಳು. ಡಾಕ್ಟರಮ್ಮ ಅವಳ ಭುಜವನ್ನೊಮ್ಮೆ ಅದುಮಿ, ಬೇರೆ ಔಷಧಿಗಳ ಹೆಸರು ಕೂಗುತ್ತಾ ಮಂಚದ ಜೊತೆ ಓಡಿದರು. ಪೇದೆ ಜೇಬಿನಿಂದ ಪೆನ್ನು ತೆಗೆದ.

"ಆಪರೇಷನ್ ನಡುವೆ ಒಂದು ಸಲ ಕೈತಪ್ಪಿಯೇ ಹೋಗ್ತಿದ್ರು," ಎಂದರು ಡಾಕ್ಟರಮ್ಮ, ಹೊರಗೆ ಬಂದು. "ನೀವು ಹೇಳಿದ್ದಕ್ಕೆ ತಯಾರಾಗಿದ್ವಿ." ಮಾರನೆಯ ದಿನದಿಂದ ಅವನಿಗೆ ಮೈಯೆಲ್ಲಾ ನಡುಕ. ಗೋಡೆಯ ತುಂಬ ಇರುವೆ ಹರಿಯುತ್ತಿವೆ ಎಂದು ಕಿರುಚಿದ. ಕುಡಿತ ನಿಂತಾಗ ಹೀಗಾಗುತ್ತೆ ಎಂದು ನರ್ಸುಗಳಿಗೆ ಗೊತ್ತಿತ್ತು, ಮದ್ದು ಸಿದ್ಧವಿತ್ತು. ಅವನು ಬೈದ ಬೈಗುಳ ಇಡೀ ವಾರ್ಡಿಗೆ ಕೇಳಿತು. ಹೆಂಡತಿ ಒದ್ದೆ ಬಟ್ಟೆಯಿಂದ ಅವನ ಹಣೆ ಒರೆಸುತ್ತಲೇ ಇದ್ದಳು.

ಅವನ ತಲೆ ತಿಳಿಯಾದ ದಿನ ಅಣ್ಣ ಬಂದು ಕಿವಿ ಊದಿದ. "ಪೊಲೀಸರ ಎದುರಿಗೇ ನಿನ್ನ ಬಂಡವಾಳ ಬಯಲು ಮಾಡಿದ್ದು ಇವಳೇ ಕಣೋ. ಇನ್ನು ಸ್ಟೇರಿಂಗ್ ಮರೆತುಬಿಡು."

"ಹೌದೇನೇ?" ಎಂದು ಗಂಡ ಕೇಳಿದ.

"ಹೌದು. ನಾಳೆ ಕೇಳಿದ್ರೂ ಅದನ್ನೇ ಹೇಳ್ತೀನಿ," ಎಂದು ಅವಳು ಅವನ ಕೆದರಿದ ಕೂದಲು ಬಾಚತೊಡಗಿದಳು.

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ ಅವಳು ಉಣಿಸಿದರೆ ಉಂಡ, ಒರಗಿಸಿದರೆ ಒರಗಿದ, ಮುಖ ಮಾತ್ರ ಮತ್ತೆ ಗೋಡೆಯ ಕಡೆಗೇ. ಅವಳೂ ಸಮಜಾಯಿಷಿ ಕೊಡಲು ಹೋಗಲಿಲ್ಲ.

ಡಾಕ್ಟರಮ್ಮ ನೋಡಲು ಬಂದ ಸಂಜೆ ಅಣ್ಣನೂ ಅಲ್ಲೇ ಇದ್ದ. "ಹೇಗಿದ್ದೀರಿ?" ಎಂದಾಗ ಗಂಡ ಗೋಡೆಯಿಂದ ಈಚೆ ತಿರುಗಿದ. ಕಣ್ಣು ಮಾತ್ರ ಹೆಂಡತಿಯ ಮೇಲಿತ್ತು.

"ಮೇಡಂ, ಅವತ್ತು ಇವಳು ಹೇಳಿದ್ದು ಅರ್ಧ ಮಾತ್ರ."

"ಏಯ್, ಸುಮ್ನಿರೋ!" ಅಣ್ಣ ಗದರಿದ.

"ಇನ್ನರ್ಧ ಇವಳಿಗೂ ಗೊತ್ತಿಲ್ಲ. ಇದನ್ನೆಲ್ಲ ಬಿಡಬೇಕು ಅಂದ್ರೆ ಅದನ್ನೂ ಹೇಳ್ಬೇಕಲ್ವಾ? ಸ್ವಲ್ಪ ಹೊತ್ತು ಹಿಡಿಯುತ್ತೆ, ಕೂತ್ಕೊಳ್ಳಿ."

ಹೆಂಡತಿ ಎದ್ದು, ತಾನು ಕೂತಿದ್ದ ಸ್ಟೂಲನ್ನು ಡಾಕ್ಟರಮ್ಮನ ಕಡೆಗೆ ಸರಿಸಿದಳು.