ಗೇಣಯ್ಯನ ಪಥ್ಯ

ಊಟಕ್ಕೆ ಕೂತ ಕೆಂಪಸಿದ್ದಯ್ಯನ ಎದುರಿಗೇ ಗೇಣಯ್ಯ ಹಳದಿ ಪಿತ್ತ ಕಾರಿಕೊಂಡಿತು. ಗೇಣಯ್ಯ ಎಂದರೆ ನಾಯಿ. ವರ್ಗವಾಗಿ ಹೋದ ಸಾಹೇಬರೊಬ್ಬರು ಮಂಡ್ಯದ ಬಳಿಯ ಸರ್ಕಾರಿ ಬೇಸಾಯದ ತೋಟ ವಿ.ಸಿ. ಫಾರಂನ ಕಬ್ಬಿನ ಮೇಸ್ತ್ರಿ ಕೆಂಪಸಿದ್ದಯ್ಯನ ಕೈಗೆ ಒಪ್ಪಿಸಿ ಹೋದದ್ದು. ಎತ್ತರ ಒಂದು ಗೇಣು, ಅದಕ್ಕೇ ಆ ಹೆಸರು. ನೂರು ಆಳುಗಳನ್ನು ಬಾಯಲ್ಲೇ ನಡುಗಿಸುವ ಮೇಸ್ತ್ರಿ ಇದರ ಮುಂದೆ ಮಾತ್ರ ಬೆಣ್ಣೆ. ಮಕ್ಕಳಿಲ್ಲದ ಮನೆ, ಅದು ಉಣ್ಣುತ್ತಿದ್ದುದು ಅವನ ತಟ್ಟೆಯಲ್ಲೇ, ಅದೂ ಅವನು ಒಂದು ತುತ್ತು ಬಾಯಿಗಿಟ್ಟ ಮೇಲೆ.

ಹೆಂಡತಿ ಪಟ್ಟಲಮ್ಮ ನಾಯಿಯ ರೆಪ್ಪೆ ಬಿಡಿಸಿ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಹೋದ ವರ್ಷ ಅವಳ ತಮ್ಮ ಕಾಮಾಲೆಯಲ್ಲೇ ತೀರಿಕೊಂಡಿದ್ದ. ಆ ಬಣ್ಣ ಅವಳು ಮರೆಯುವಂಥದ್ದಲ್ಲ.

"ಕಾಮಾಲೆ ಕಣ್ರೀ. ಕಣ್ಣೆಲ್ಲಾ ಅರಿಸಿನ ಆಗ್ಬುಟ್ಟದೆ," ಎಂದಳು.

ಕೆಂಪಸಿದ್ದಯ್ಯ ತಾನೂ ಬಗ್ಗಿ ನೋಡಿದ. ಹೌದು, ಹಳದಿಯೇ. ನೋಡಿದಷ್ಟೂ ಹಳದಿ. ಅವನ ಕೈಯ ತುತ್ತು ತಟ್ಟೆಗೇ ಬಿತ್ತು. ಹಾಗೆ ನೋಡಿದರೆ ಹತ್ತು ದಿನದಿಂದ ಅವನಿಗೂ ಅನ್ನ ಸೇರುತ್ತಿರಲಿಲ್ಲ, ಬಾಡಿನ ತುಂಡೆಲ್ಲ ಗೇಣಯ್ಯನ ಪಾಲಾಗುತ್ತಿತ್ತು. ಯಾರಿಗಾದರೂ ತೋರಿಸಿಕೊಳ್ಳಿ ಎಂದು ಹೆಂಡತಿ ಎರಡು ಸಲ ಅಂದದ್ದಕ್ಕೆ, ಇದು ಬಿಸಿಲಿನ ತಾಪ, ನಮ್ಮಪ್ಪ ಔಷಧಿ ಕುಡಿದವನಲ್ಲ, ನಾನೂ ಕುಡಿಯುವವನಲ್ಲ ಎಂದು ಹಾರಾಡಿದ್ದ. ನಾಯಿಯ ಮಾತು ಬೇರೆ. ಭಾನುವಾರ ಬರುವುದನ್ನೇ ಕಾದು, ಅದನ್ನು ಬಿದಿರಿನ ಮಂಕರಿಯಲ್ಲಿ ಕೂರಿಸಿಕೊಂಡು, ಹೆಂಡತಿಯೊಂದಿಗೆ ಮಂಡ್ಯಕ್ಕೆ ಹೊರಟ. ಯುದ್ಧದ ಕಾಲ, ಪೆಟ್ರೋಲಿಲ್ಲ. ಇದ್ದಿಲ ಬಸ್ಸು ಏರಿನಲ್ಲಿ ನಿಂತಾಗಲೆಲ್ಲ ಮಂಕರಿ ಹೆಂಡತಿಗೆ ಕೊಟ್ಟು ಇಳಿದು ತಳ್ಳಿದ.

ಮಂಡ್ಯದಲ್ಲಿ ಕಾಮಾಲೆಗೆ ಔಷಧಿ ಎಂದರೆ ಮುದುಕಿ ರಹಮತ್ ಬೀ. ಜಗಲಿಯ ತುಂಬ ರೋಗಿಗಳು. ಮಂಕರಿಯಿಂದ ನಾಯಿ ಇಣುಕಿದ್ದೇ ತಡ, ಏಳಲಾರದೆ ಮಲಗಿದ್ದವರೂ ಎದ್ದು ಕೂತು ನಕ್ಕರು. ರಹಮತ್ ಬೀ ನಗಲಿಲ್ಲ. ಪಟ್ಟಲಮ್ಮ ಅವಳ ಕಿವಿಯಲ್ಲಿ ಏನೋ ಹೇಳಿ ಹಿಂದೆ ಸರಿದಳು. ಮುದುಕಿ ನಾಯಿಯನ್ನು ಒಂದು ಗಳಿಗೆ ನೋಡಿದಳು, ಮೇಸ್ತ್ರಿಯನ್ನು ಬಹಳ ಹೊತ್ತು ನೋಡಿದಳು.

"ಇದು ಯಾರ್ ತಟ್ಟೇಲಿ ಉಣ್ತದೆ ಮೇಸ್ತ್ರಿ?"

"ನನ್ ತಟ್ಟೇಲೇ ಬೂಬಮ್ಮ. ನಾನ್ ಬಾಯಿಗಿಕ್ಕದೆ ಮೂಸೂ ನೋಡಾಕಿಲ್ಲ."

"ಅಂಗಾರೆ ಪತ್ಯ ನಿಂಗೂ ಸೇರ್ತು. ಮೂರ್ ವಾರ ಬಾಡಿಲ್ಲ, ಉಪ್ಪಿಲ್ಲ, ಎಣ್ಣೆ ಇಲ್ಲ, ಎಂಡ ಇಲ್ಲ. ಔಸ್ದೀನೂ ಮೊದ್ಲು ನೀನ್ ಕುಡಿ, ಅದು ನೋಡ್ಕಂಡು ಕುಡೀಲಿ."

ಮಾರನೆಯ ದಿನದಿಂದ ಮನೆಯಲ್ಲಿ ನಾಟಕ ಶುರುವಾಯಿತು. ಪಟ್ಟಲಮ್ಮ ಬೆಳಿಗ್ಗೆ ನೆಲನೆಲ್ಲಿಯನ್ನು ಬೇರುಸಮೇತ ಅರೆದು, ಮಜ್ಜಿಗೆಗೆ ಕದಡಿ, ಲೋಟದ ತುಂಬ ತಂದಿಡುವಳು. ಕೆಂಪಸಿದ್ದಯ್ಯ ಗೇಣಯ್ಯನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಗುಟುಕು ನುಂಗಿ, ಪಾಯಸ ಕುಡಿದವನ ಹಾಗೆ ಚಪ್ಪರಿಸುವನು. ಗೇಣಯ್ಯ ಮೂಸಿ, ಸೀನಿ, ಹಿತ್ತಲಿಗೆ ಓಡುವುದು. ಇನ್ನೊಂದು ಗುಟುಕು ಕುಡಿದು ತೋರಿಸಿ ಅನ್ನುವಳು ಹೆಂಡತಿ. ಹೀಗೆ ತೋರಿಸಿ ತೋರಿಸಿಯೇ ಲೋಟ ಬರಿದಾಗುವುದು. ಉಪ್ಪಿಲ್ಲದ ಗಂಜಿಯದೂ ಇದೇ ಕತೆ. ಹೆಂಡದಂಗಡಿಗೆ ಕರೆಯಲು ಬಂದ ಗೆಳೆಯ ತಿಮ್ಮಯ್ಯನಿಗೆ, ನಮ್ಮ ನಾಯಿಗೆ ಪಥ್ಯ, ಬರುವಂತಿಲ್ಲ ಎಂದು ಹೇಳಿ ಕಳಿಸಿದ ಮೇಲಂತೂ ಕಬ್ಬಿನ ಗದ್ದೆಯ ಆಳುಗಳಿಗೆ ವಾರಗಟ್ಟಲೆ ನಗಲು ಸಾಮಾನು ಸಿಕ್ಕಿತು. ವಿಚಿತ್ರವೆಂದರೆ, ಒಂದು ತೊಟ್ಟು ಔಷಧಿ ಕುಡಿಯದೆಯೂ ಗೇಣಯ್ಯ ದಿನೇದಿನೇ ಗುಂಡಗಾಗುತ್ತಿತ್ತು.

ಹದಿನೈದನೆಯ ದಿನ ಫಾರಂನ ಹುಣಸೆಮರದ ಕೆಳಗೆ ಕ್ಷೌರಕ್ಕೆ ಕೂತಾಗ ಕರಿಯಯ್ಯ ಅರ್ಧ ಗಡ್ಡ ಬೋಳಿಸಿ, ಮತ್ತೆ ಕತ್ತಿ ಮಸೆಯುತ್ತಾ, "ಕಣ್ಣು ತಿಳಿಯಾದ್ವಲ್ಲ ಮೇಸ್ತ್ರಿಗಳೇ. ಓದ್ ಸಲ ಅರಿಸಿನ ಬಳ್ದಂಗಿದ್ವು. ಏಳುದ್ರೆ ಬಯ್ತೀರಿ ಅಂತ ಸುಮ್ಕಿದ್ದೆ," ಎಂದ.

ಕೆಂಪಸಿದ್ದಯ್ಯ ಅವನ ಪೆಟ್ಟಿಗೆಯಿಂದ ಕನ್ನಡಿ ಎತ್ತಿಕೊಂಡು ನೋಡಿದ. ಅಂಚಿನಲ್ಲಿ ಇನ್ನೂ ಒಂದಿಷ್ಟು ಹಳದಿ ಉಳಿದಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಆಳುಗಳನ್ನು ಎಷ್ಟು ಸಲ ಹಂಗಿಸಿದ್ದನೋ ಲೆಕ್ಕವಿಲ್ಲ. ಅರ್ಧ ಗಡ್ಡದಲ್ಲೇ ಎದ್ದು ಮನೆಗೆ ನಡೆದ. ನಾಲೆಯ ಏರಿಯುದ್ದಕ್ಕೂ ಹೆಂಡತಿಗೆ ಏನೇನು ಬಯ್ಯಬೇಕೆಂದು ಜೋಡಿಸಿಕೊಂಡೇ ಬಂದ.

ಪಟ್ಟಲಮ್ಮ ಲೋಟ ಹಿಡಿದು ಬಾಗಿಲಲ್ಲೇ ಇದ್ದಳು. ಗಂಡನ ಮುಖ ಕಂಡವಳಿಗೆ ಎಲ್ಲ ತಿಳಿದುಹೋಯಿತು. ಅವಳ ಹಿಂದೆ, ನೆರೆಮನೆಯಿಂದ ಸದ್ದಿಲ್ಲದೆ ಬರುತ್ತಿದ್ದ ಮೂಳೆಯನ್ನು ಗೇಣಯ್ಯ ಕಟಕಟ ಕಡಿಯುತ್ತಿತ್ತು. ಕೆಂಪಸಿದ್ದಯ್ಯ ಬಾಯಿ ತೆರೆದ. ಇಷ್ಟೂ ದಿನ ಇವಳೂ ಆ ಸಪ್ಪೆ ಗಂಜಿಯನ್ನೇ ಕುಡಿದದ್ದು, ಕೆನ್ನೆ ಇಳಿದುಹೋದದ್ದು ಆಗ ಅವನ ಕಣ್ಣಿಗೆ ಬಿತ್ತು. ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಮರೆತೇಹೋಯಿತು. ಅವಳ ಮೇಲೆ ಹಿಂದೆಂದೂ ಇಲ್ಲದಷ್ಟು ಅಕ್ಕರೆ ಬಂತು.

ಲೋಟ ಇಸಿದುಕೊಂಡು, ನಾಯಿಯನ್ನು ಕರೆಯದೆ, ಒಂದೇ ಉಸಿರಿಗೆ ಕುಡಿದು ಕೆಳಗಿಟ್ಟ.

"ಗೇಣಯ್ಯನ್ ಕಣ್ಣು ಎಂಗವೆ, ವಸಿ ನೋಡಮ್ಮಿ."

ಪಟ್ಟಲಮ್ಮ ಹತ್ತಿರ ಬಂದು, ಅರ್ಧ ಬೋಳಿಸಿದ ಗಂಡನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಅವನ ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿ ನೋಡಿದಳು.

"ಬೆಳ್ಳಗಾಯ್ತಾ ಅವೆ," ಎಂದಳು. "ಇನ್ನೊಂದ್ ವಾರ ಕುಡೀಲಿ."