ಕೂಗದ ಹೆಸರು

ಸಂವಿಧಾನಕ್ಕೆ ಯಾವ ತಿದ್ದುಪಡಿ ಬಂದರೂ ಮೊದಲು ಚೀಟಿ ಎತ್ತಿ ಒಬ್ಬರನ್ನು ಆರಿಸುತ್ತಿದ್ದರು. ಅವರೊಬ್ಬರೇ ಒಂದು ವರ್ಷ ಅದರಡಿ ಬಾಳಿ ನೋಡಬೇಕು. ಆಮೇಲೆ ನ್ಯಾಯಾಲಯ ವಿಚಾರಣೆ ನಡೆಸಿ ತೀರ್ಪು ಕೊಡಬೇಕು. ಈ ಸಲದ ಚೀಟಿ ಗದಗಿನ ಟೈಲರ್ ನೀಲವ್ವನಿಗೆ ಬಂದಿತ್ತು. ತಿದ್ದುಪಡಿ ಒಂದೇ ಸಾಲಿನದು: ಸರ್ಕಾರದ ವಿರುದ್ಧ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ.

ಆ ವರ್ಷವೇ ರಸ್ತೆ ಅಗಲ ಮಾಡುವವರು ನೋಟಿಸೂ ಕೊಡದೆ ಅವಳ ಅಂಗಡಿ ಕೆಡವಿದರು. ಹೊಲಿಗೆ ಮಷಿನ್ನು ನಜ್ಜುಗುಜ್ಜಾಯಿತು. ವಿಚಾರಣೆಯ ದಿನ ಎಲ್ಲ ಹೇಳಿದರಾಯಿತೆಂದು ನೀಲವ್ವ ಹಲ್ಲು ಕಚ್ಚಿ ಸಹಿಸಿದಳು.

ಇವತ್ತು ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಸರ್ಕಾರದ ಕಡೆಯವರನ್ನು ಮೂರು ಸಲ ಕೂಗಿ ಕರೆದ. ಅವಳ ಹೆಸರು ಕೂಗಲೇ ಇಲ್ಲ.

“ಯಣ್ಣಾ, ನನ್ನ ಹೆಸರು ಬಿಟ್ಟೀರಿ ನೋಡ್ರಿ.”

“ಬಿಟ್ಟಿಲ್ರೀ ಅಕ್ಕಾರ. ತೀರ್ಪು ಬರೂತನಕ ನೀವು ಸರ್ಕಾರದ ವಿರುದ್ಧ ಒಳಗ ಕಾಲಿಡಂಗಿಲ್ಲಲ್ರೀ.”

ನೀಲವ್ವ ಹೊಸ್ತಿಲತ್ತ ನುಗ್ಗಿದಳು. “ಅದನ್ನ ಹೇಳಾಕ ಬಂದೀನ್ರೀ!”

ಒಳಗಿನಿಂದ ನ್ಯಾಯಾಧೀಶರ ದನಿ ಕೇಳಿಸಿತು: “ಬಾಳಿ ನೋಡಿದವರಿಂದ ವರ್ಷವಿಡೀ ಒಂದು ದೂರೂ ಬಂದಿಲ್ಲ. ತಿದ್ದುಪಡಿ ಸಿಂಧು.”

ಸರ್ಕಾರದ ಮೇಲೆ ಕೇಸು ಹಾಕಿ ವರಾಂಡದಲ್ಲಿ ಕೂತಿದ್ದವರನ್ನು ಜವಾನ ಒಬ್ಬೊಬ್ಬರನ್ನಾಗಿ ಎಬ್ಬಿಸತೊಡಗಿದ.