ಕಾಕಂಬಿ ಟ್ಯಾಂಕಿನ ಬಾಯಲ್ಲಿ

“ಬಿಡ್ರಿ ಸಾಹೇಬ್ರ! ಒಳಗ ನಮ್ಮಣ್ಣ ಅದಾನ!”

ಶಿವಲಿಂಗನ ನಡುವನ್ನು ಭಾರ್ಗವ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿದ್ದ. ಕಾಕಂಬಿ ಟ್ಯಾಂಕಿನ ನೆತ್ತಿಯ ಮೇಲೆ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲದ ಬಾಯಿಯ ಪಕ್ಕದಲ್ಲಿ ಇಬ್ಬರೂ ಜಗ್ಗಾಡುತ್ತಿದ್ದರು.

ಯರಗಟ್ಟಿಯ ಆಚೆಗಿನ ಆ ಸಣ್ಣ ಸಕ್ಕರೆ ಕಾರ್ಖಾನೆಯಲ್ಲಿ ಸುರಕ್ಷತೆಯ ಹೊಣೆ ಭಾರ್ಗವನದು. ಹಂಗಾಮು ಮುಗಿದು ಖಾಲಿಯಾದ ಟ್ಯಾಂಕನ್ನು ಅಂದು ತೊಳೆಯಬೇಕಿತ್ತು. ತಳದಲ್ಲಿ ಹುಳಿತ ರಾಡಿ, ಅದರ ಮೇಲೆ ಕಣ್ಣಿಗೆ ಕಾಣದ ವಿಷಗಾಳಿ. ಒಳಗೆ ಗಾಳಿ ಹಾಯಿಸದೆ, ಮೀಟರಿನಲ್ಲಿ ಅಳೆಯದೆ ಯಾರೂ ಇಳಿಯಕೂಡದೆಂದು ಅಣ್ಣತಮ್ಮಂದಿರಿಬ್ಬರಿಗೂ ಬೆಳಿಗ್ಗೆಯೇ ಹೇಳಿದ್ದ.

ತಾನು ಮೀಟರು ಹುಡುಕಿ ತರುವಷ್ಟರಲ್ಲಿ ಅಣ್ಣ ಶಟ್ಟೆಪ್ಪ ಕಾಣೆಯಾಗಿದ್ದ. ಅವನ ಹೆಲ್ಮೆಟ್ಟು ಟ್ಯಾಂಕಿನ ಬಾಯಿಯ ಬಳಿಯೇ ಇತ್ತು. ಸೊಂಟಕ್ಕೆ ಕಟ್ಟಬೇಕಾದ ಪಟ್ಟಿ, ಹಗ್ಗ ಕಂಬಿಗೆ ತೂಗುತ್ತಿದ್ದವು. ಹೇಳಿದ ಮಾತನ್ನು ಎಂದೂ ಮೀರದವನು ಇಂದೇಕೆ ಹೀಗೆ ಮಾಡಿದನೋ! ಭಾರ್ಗವನಿಗೆ ಸಿಟ್ಟೂ ಬಂತು, ಅಳುವೂ ಬಂತು. ನೀರಿನ ಪೈಪು ಎಳೆದುಕೊಂಡು ಬಂದ ಶಿವಲಿಂಗ ಅಣ್ಣನನ್ನು ಕೂಗಿದ. ಫೋನು ಹಚ್ಚಿದ. ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಟ್ಯಾಂಕಿನೊಳಗಿಂದ ಒಂದು ಸದ್ದೂ ಬರಲಿಲ್ಲ.

“ಸವದತ್ತಿಯಿಂದ ಅಗ್ನಿಶಾಮಕದವರು ಹೊಂಟಾರೋ. ಅವರ ಹಂತೇಕ ಉಸಿರಾಡೂ ಸಿಲಿಂಡರ್ ಅದಾವ. ತಡಿ!”

“ಅಲ್ಲೀತನಾ ಅಣ್ಣ ಉಳೀತಾನೇನ್ರಿ?”

ಭಾರ್ಗವನ ಹಿಡಿತ ಸಡಿಲಾದದ್ದು ಆಗಲೇ. ಶಿವಲಿಂಗ ಕೊಸರಿಕೊಂಡು ಏಣಿಗಿಳಿದ. ಕೆಮ್ಮು ಕೇಳಿಸಿತು. ಆಮೇಲೆ ರಾಡಿಯಲ್ಲಿ ಏನೋ ಧಪ್ಪನೆ ಬಿದ್ದ ಸದ್ದು.

ಜನ ಕೂಡಿದರು. ಬಾಯ್ಲರಿನ ಉಳವಪ್ಪ ಮುಖಕ್ಕೆ ಹಸಿ ಟವೆಲ್ಲು ಸುತ್ತಿಕೊಂಡು ಮೇಲೆ ಹತ್ತಿ ಬಂದ.

“ಟವೆಲ್ಲು ವಿಷಾ ತಡಿಯೂದಿಲ್ಲ ಉಳವಪ್ಪ,” ಎನ್ನುತ್ತ ಭಾರ್ಗವ ಟ್ಯಾಂಕಿನ ಬಾಯಿಗೆ ಅಡ್ಡ ಮಲಗಿಬಿಟ್ಟ.

ಅಂಗಳ ಗುಡಿಸುತ್ತಿದ್ದ ರಾಣಿ ಓಡಿ ಬಂದಿದ್ದಳು. ಶಿವಲಿಂಗನ ಹೆಂಡತಿ. ಕೆಳಗಿನಿಂದಲೇ ಚೀರಿದಳು: “ನಿಮ್ಮ ತಮ್ಮ ಒಳಗಿದ್ದಿದ್ರ ಹಿಂಗ ಮಕ್ಕೋತಿದ್ರೇನ್ರಿ?”

ಭಾರ್ಗವ ಕಣ್ಣು ಮುಚ್ಚಿಕೊಂಡ. ಕಾದ ತಗಡು ಬೆನ್ನು ಸುಡುತ್ತಿತ್ತು. ಯಾರೋ ಕಾಲು ಹಿಡಿದು ಎಳೆದರು, ಇನ್ನಾರೋ ಬೈದರು. ಅವನು ಅಲುಗಲಿಲ್ಲ. ತಾನು ಎದ್ದರೆ ಮೂರನೆಯ ಹೆಣ ಬೀಳುತ್ತದೆ, ಅಷ್ಟು ಮಾತ್ರ ಅವನಿಗೆ ಗೊತ್ತಿತ್ತು.

ಕೊನೆಗೆ ಗಾಡಿ ಬಂತು. ಬೆನ್ನಿಗೆ ಸಿಲಿಂಡರು, ಮುಖಕ್ಕೆ ಮುಸುಕು ಹಾಕಿಕೊಂಡ ಒಬ್ಬ ಒಳಗಿಳಿದ. ಹಗ್ಗದ ತುದಿಯಲ್ಲಿ ಶಿವಲಿಂಗ ಮೇಲೆ ಬಂದ. ಮೈಯೆಲ್ಲ ಕಪ್ಪು ಅಂಟು. ಉಸಿರಿರಲಿಲ್ಲ. ಕೆಳಗಿಳಿಸಿ ಮಲಗಿಸಿದಾಗ ರಾಣಿ ಅವನ ಮೇಲೆ ಬಿದ್ದಳು. ಜನ ಸುತ್ತುಗಟ್ಟಿದರು.

“ಇನ್ನೊಬ್ಬ ಇದ್ದಾನ್ರಿ. ಇವನ ಅಣ್ಣ,” ಎಂದ ಭಾರ್ಗವ.

ಮುಸುಕಿನವನು ಮತ್ತೆ ಇಳಿದ. ಅವನ ದೀಪದ ಬೆಳಕು ಗೋಡೆಗುಂಟ ಸುತ್ತಿತು. ರಾಡಿಯನ್ನೆಲ್ಲ ಕೋಲಿನಿಂದ ತಡಕಿ ಮೇಲೆ ಬಂದು ಮುಸುಕು ತೆಗೆದ.

“ಒಳಗ ಮತ್ಯಾರೂ ಇಲ್ರೀ.”

ಅಷ್ಟರಲ್ಲಿ ಗೇಟಿನಲ್ಲಿ ಬೈಕು ನಿಂತಿತು. ಹೆಗಲ ಮೇಲೆ ಬ್ಲೋವರ್ ಹೊತ್ತುಕೊಂಡು, ಏದುಸಿರು ಬಿಡುತ್ತ ಶಟ್ಟೆಪ್ಪ ಗುಂಪಿನತ್ತ ಬಂದ.

“ಗಾಳಿ ಹಾಯಿಸೂ ಮಷಿನ್ ಪ್ಯಾಟ್ಯಾಗ ರಿಪೇರಿಗಿತ್ತಲ್ರಿ ಸಾಹೇಬ್ರ, ತಂದೇನಿ. ಅಲ್ಲೀತನಾ ನಮ್ಮ ತಮ್ಮನ್ನ ಒಳಗ ಬಿಟ್ಟಿಲ್ಲಲ್ರಿ?”